ತಳಿಯ ಹೆಸರು, ಬೆಳೆದವರ ಪಾಲು

ತುಮಕೂರಿನಿಂದ ಉತ್ತರಕ್ಕೆ ಹೊರಟು ಕೊರಟಗೆರೆಯನ್ನು ಹಾದು, ಮಧುಗಿರಿಯ ಏಕಶಿಲಾ ದುರ್ಗವನ್ನು ಬಳಸಿ, ಪಾವಗಡದ ಕೋಟೆಬೆಟ್ಟದವರೆಗೆ ಸಾಗುವ ಸೀಮೆಯೂ ಅದರ ಪಶ್ಚಿಮಕ್ಕೆ ಹರಡಿರುವ ಶಿರಾದ ಬಯಲೂ ಸೇರಿ ಆದ ಈ ಭೂಭಾಗವು ಮಳೆಯ ವಿಷಯದಲ್ಲಿ ಎಂದೂ ಭಾಗ್ಯಶಾಲಿಯಾಗಿರಲಿಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿಗಳ ನೆಲವನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯು ವರ್ಷದ ಬಹುಭಾಗ ಮರಳಿನ ಹಾಸಾಗಿಯೇ ಉಳಿಯುತ್ತದೆ. ವರ್ಷವಿಡೀ ಬೀಳುವ ಮಳೆಯು 500ರಿಂದ 700 ಮಿಲಿಮೀಟರುಗಳ ಆಸುಪಾಸಿನದಾಗಿದ್ದು, ಅದು ಕೂಡ ಬೀಳಬೇಕಾದ ನಕ್ಷತ್ರದಲ್ಲಿ ಬೀಳದೆ, ಬೇಡವಾದಾಗ ಒಮ್ಮೆಲೇ ಸುರಿದು ಹೋಗುವುದುಂಟು. ಇಂತಹ ನೆಲದಲ್ಲಿ ಶತಮಾನಗಳ ಕಾಲ ಜನರು ಬಾಳಿದರೆಂದರೆ, ಆ ಬಾಳಿಗೆ ಕೆರೆಗಳು ಆಧಾರವಾದಂತೆಯೇ, ಮಳೆಯ ಈ ಗುಣವನ್ನು ಬಲ್ಲ ಬೀಜಗಳೂ ಆಧಾರವಾದವು. ಆ ಬೀಜಗಳನ್ನು ಉಳಿಸಿಕೊಂಡು ಬಂದ ಕುಟುಂಬಗಳಿಗೆ ಅವುಗಳಿಂದಲೇ ಗೌರವದ ಜೀವನೋಪಾಯವೊಂದು ದೊರೆಯುವಂತೆ ಮಾಡಲು ಸಾಧ್ಯವೇ, ಸಾಧ್ಯವಾದರೆ ಅದು ಯಾವ ಮಾರ್ಗದಿಂದ ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆನಿಸಿದೆ.

ಟಿಪ್ಪುವಿನ ಪತನದ ಮರುವರ್ಷ, ಎಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇರೆಗೆ ಮೈಸೂರು ಸೀಮೆಯನ್ನು ಊರೂರು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಶಿರಾ, ಮಧುಗಿರಿಗಳಿಗೂ ಬಂದಿದ್ದನು. 1807ರಲ್ಲಿ ಮೂರು ಸಂಪುಟಗಳಾಗಿ ಮುದ್ರಿತವಾದ ಆತನ ಪ್ರವಾಸ ವೃತ್ತಾಂತವನ್ನು ಓದುವವರ ಮನಸ್ಸಿನಲ್ಲಿ ನಿಲ್ಲುವ ಸಂಗತಿಯೆಂದರೆ ಮೈಸೂರು ಸೀಮೆಯ ಖುಷ್ಕಿ ಬೇಸಾಯದ ವೈವಿಧ್ಯ: ರಾಗಿಯಲ್ಲಿಯೇ ಹಲವು ಭೇದಗಳು, ಸಾಮೆ, ನವಣೆ, ಹಾರಕ, ಬರಗುಗಳೆಂಬ ಕಿರುಧಾನ್ಯಗಳು, ಅವರೆ, ತೊಗರಿ, ಹುರುಳಿ, ಹುಚ್ಚೆಳ್ಳುಗಳು, ಒಂದರ ನಡುವೆ ಮತ್ತೊಂದನ್ನು ಬಿತ್ತುವ ಕ್ರಮ. ಕಂಪನಿ ಸರ್ಕಾರಕ್ಕೆ ಈ ನೆಲದಿಂದ ಏನು ದೊರಕೀತೆಂದು ತಿಳಿಯಲು ಬಂದ ಮನುಷ್ಯನ ಬರವಣಿಗೆ ಅದು. ಆದರೂ ಆ ಪುಟಗಳಲ್ಲಿ ರೈತನ ಜ್ಞಾನವು ತಾನೇ ತಾನಾಗಿ ಎದ್ದು ಕಾಣುತ್ತದೆ.

ಅಕ್ಕಡಿ ಸಾಲೆಂಬ ಆ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಕೂರಿಗೆಯಲ್ಲಿ ರಾಗಿಯನ್ನು ಬಿತ್ತುತ್ತ, ಅದರ ಹಿಂದೆ ಸಡ್ಡೆ ಕಟ್ಟಿ, ಇಂತಿಷ್ಟು ಸಾಲಿಗೊಂದರಂತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಹರಳುಗಳನ್ನು ಬಿಡುತ್ತಿದ್ದ ಒಕ್ಕಲು ಕುಟುಂಬಕ್ಕೆ, ಮುಂಗಾರು ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರಿಳಿಸಿದ ತೊಗರಿಯು ಹಿಂಗಾರಿನ ಒಂದೆರಡು ಹನಿಗಳಿಂದಲೇ ಕಾಯಿ ಕಟ್ಟುವುದೆಂಬುದು ತಿಳಿದಿತ್ತು. ಹುಚ್ಚೆಳ್ಳಿನ ಹೂವಿಗೆ ಜೇನು ಬರುವುದೂ, ದ್ವಿದಳ ಬೆಳೆಗಳ ಬೇರಿನಿಂದ ನೆಲಕ್ಕೆ ಸತ್ತ್ವ ಬರುವುದೂ ಅನುಭವದಿಂದ ತಿಳಿದಿತ್ತು. ಆದರೆ ಇಂತಹ ಹೊಲದಿಂದ ಕಣಕ್ಕೆ ಬರುವುದು ನಾಲ್ಕು ಚೀಲ ರಾಗಿ, ಒಂದು ಚೀಲ ಅವರೆ, ಅರ್ಧ ಚೀಲ ತೊಗರಿ, ಕೆಲವು ಸೇರು ಹುಚ್ಚೆಳ್ಳು. ಇಂದಿನ ಮಾರುಕಟ್ಟೆಯ ಮಾನವು ಲಾರಿ. ಲಾರಿ ತುಂಬದ ಧಾನ್ಯಕ್ಕೆ ಮಂಡಿಯಲ್ಲಿ ಗೌರವದ ಬೆಲೆಯಿಲ್ಲ. ವೈವಿಧ್ಯವೇ ಪ್ರಾಣವಾಗಿರುವ ಬೇಸಾಯವನ್ನು ಏಕರೂಪತೆಯೇ ಪ್ರಾಣವಾಗಿರುವ ವ್ಯಾಪಾರಕ್ಕೆ ಹೊಂದಿಸುವುದು ಹೇಗೆಂಬ ಪ್ರಶ್ನೆಯು ದೇಶೀ ತಳಿಗಳ ಮಾರಾಟದ ಎಲ್ಲ ತೊಡಕುಗಳ ಮೂಲದಲ್ಲಿದೆ.

ದೇಶೀಯವೆಂದು ಹೇಳುವಾಗ ಹುಟ್ಟಿನ ಶುದ್ಧಿಯನ್ನು ಹುಡುಕುವುದು ಉಚಿತವಲ್ಲ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಪಾವಗಡದ ಬಯಲನ್ನು ಆವರಿಸಿಕೊಂಡ ಕಡಲೆಕಾಯಿಯು ದಕ್ಷಿಣ ಅಮೆರಿಕದಿಂದ ಬಂದುದು. ಹೊರಗಿನಿಂದ ಬಂದ ಬೀಜವೂ ಹಲವು ತಲೆಮಾರುಗಳ ಕಾಲ ಒಂದೇ ಮಣ್ಣಿನಲ್ಲಿ ಬಿತ್ತಲ್ಪಟ್ಟು, ಒಂದೇ ಬರವನ್ನು ಕಂಡು, ಕಣದಲ್ಲಿ ತೆನೆ ಆರಿಸುವ ಹೆಂಗಸರ ಬೆರಳುಗಳಿಂದ ವರ್ಷ ವರ್ಷವೂ ಪರೀಕ್ಷಿತವಾಗಿ ಈ ನೆಲದ್ದೇ ಆಗುತ್ತದೆ. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿನಿಂದಲೂ ದಖ್ಖನಿನದೇ ಆದ ಧಾನ್ಯವೊಂದು ಉಳಿದು ಬಂದಿದೆ. ಅದೇ ಕೊರಲೆ. ಬಳ್ಳಾರಿಯ ಸಮೀಪದ ಸಂಗನಕಲ್ಲಿನಂತಹ ನವಶಿಲಾಯುಗದ ನೆಲೆಗಳ ಮಣ್ಣನ್ನು ಜರಡಿ ಹಿಡಿದು ನೋಡಿದ ಪುರಾತತ್ತ್ವಜ್ಞರಿಗೆ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಒಲೆಯ ಬೂದಿಯಲ್ಲಿ ಸುಟ್ಟು ಕರಿಕಾಗಿ ಉಳಿದ ಹುರುಳಿ, ಹೆಸರುಗಳೊಡನೆ ಕೊರಲೆಯ ಕಾಳುಗಳೂ ದೊರೆತಿವೆ. ರಾಗಿಯು ಈ ನಾಡಿಗೆ ಕಾಲಿಡುವ ಮುಂಚೆಯೇ ಇಲ್ಲಿಯ ಜನ ಉಣ್ಣುತ್ತಿದ್ದ ಅನ್ನವದು. ಇಂದು ಅದನ್ನು ಆಹಾರಕ್ಕಾಗಿ ಬೆಳೆಯುವ ಪ್ರದೇಶವು ಕುಗ್ಗಿ, ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆಲವು ಭಾಗಗಳಿಗೂ ಗಡಿಯಾಚೆಯ ಅನಂತಪುರದ ಕಡೆಯ ಸೀಮೆಗೂ ಸೀಮಿತವಾಗಿದೆ.

ಕೊರಲೆಯ ಗುಣವನ್ನು ಬಲ್ಲವರು ಅದನ್ನು ಕಷ್ಟಕಾಲದ ಬೆಳೆಯೆಂದು ಕರೆಯುವುದರಲ್ಲಿ ಅರ್ಥವಿದೆ. ಮುಂಗಾರಿನ ಬಿತ್ತನೆ ಒಣಗಿ ಹೋದ ಮೇಲೆ, ಮಖೆಯಲ್ಲಿಯೋ ಹುಬ್ಬೆಯಲ್ಲಿಯೋ ಒಂದು ಹದ ಮಳೆಯಾದರೆ, ಆಗ ಬಿತ್ತಿದರೂ ಎಪ್ಪತ್ತೈದು ಎಂಬತ್ತು ದಿನಗಳಲ್ಲಿ ಕೊಯ್ಲಿಗೆ ಬರುವ ಧಾನ್ಯವಿದು. ಬೇರಾವ ಬೆಳೆಯೂ ಏಳದ ಹುಣಸೆಯ ಮರದ ನೆರಳಿನಲ್ಲಿಯೂ ಅದು ಬೆಳೆಯುತ್ತದೆ; ಹುಣಸೆಯ ಮರಗಳು ಹೊಲದ ಬದುಗಳಲ್ಲೆಲ್ಲ ನಿಂತಿರುವ ಈ ಸೀಮೆಯಲ್ಲಿ ಅದೇನೂ ಅಲ್ಪ ಲಾಭವಲ್ಲ. ಮೃದುವಾದ ಅದರ ಹುಲ್ಲನ್ನು ದನಗಳೂ ಕುರಿಗಳೂ ಇಷ್ಟಪಟ್ಟು ತಿನ್ನುತ್ತವೆ. 1915ರ ಹೊತ್ತಿಗೆ ಭಾರತದಿಂದ ಅಮೆರಿಕಕ್ಕೆ ಒಯ್ಯಲ್ಪಟ್ಟ ಈ ಬೀಜವು ಅಲ್ಲಿಯ ಆಗ್ನೇಯ ಸಂಸ್ಥಾನಗಳಲ್ಲಿ ಹುಲ್ಲಿಗಾಗಿಯೂ, ಬೇಟೆಯ ಹಕ್ಕಿಗಳಿಗೆ ಮೇವಾಗಿಯೂ ಬಿತ್ತಲ್ಪಟ್ಟು, ಅಲ್ಲಿನ ಬೀಜ ವ್ಯಾಪಾರಿಗಳ ಪಟ್ಟಿಯಲ್ಲಿ ಸ್ಥಿರವಾದ ಸ್ಥಾನವನ್ನು ಪಡೆಯಿತು. ಸಾಗರದಾಚೆ ಹಕ್ಕಿಗಳಿಗಾಗಿ ಬೀಜವನ್ನು ಕೊಂಡು ಬಿತ್ತುತ್ತಿದ್ದ ಆ ದಶಕಗಳಲ್ಲಿಯೇ, ಅದರ ತವರುನೆಲದ ರೈತನು ಕೊಳ್ಳುವವರಿಲ್ಲವೆಂದು ಅದನ್ನು ಕೈಬಿಡುತ್ತ ಬಂದನೆಂಬುದು ನನ್ನನ್ನು ಬಹುವಾಗಿ ನೋಯಿಸುವ ಸಂಗತಿ.

ಏಕೆ ಕೈಬಿಟ್ಟನೆಂಬುದಕ್ಕೆ ಕಾರಣಗಳು ಗೂಢವಾದುವೇನಲ್ಲ. ನೆರೆಯ ಚಳ್ಳಕೆರೆಯಲ್ಲಿ ಎಣ್ಣೆಯ ಗಿರಣಿಗಳು ಎದ್ದು ನಿಂತು ಕಡಲೆಕಾಯಿಗೆ ರೊಕ್ಕದ ಬೆಲೆ ಬಂದ ಮೇಲೆ, ಪಾವಗಡ, ಶಿರಾಗಳ ಕೆಂಪು ಮರಳುಮಿಶ್ರಿತ ಹೊಲಗಳು ಒಂದೊಂದಾಗಿ ಆ ಬೆಳೆಗೆ ಒಳಪಟ್ಟವು. 1994ರ ಅನಂತರ ತಾಳೆಯ ಎಣ್ಣೆಯ ಆಮದಿಗೆ ಬಾಗಿಲು ತೆರೆದು ಕಡಲೆಕಾಯಿಯ ಬೆಲೆ ಅಸ್ಥಿರವಾದಾಗ, ರೈತನು ಹಿಂದಿರುಗಿ ನೋಡಿದರೆ ಮನೆಯ ವಾಡೇವಿನಲ್ಲಿ ಹಳೆಯ ಬೀಜವಿರಲಿಲ್ಲ. ನ್ಯಾಯಬೆಲೆ ಅಂಗಡಿಯ ಅಕ್ಕಿಯು ಹಸಿವನ್ನು ನೀಗಿಸಿತು. ಅದನ್ನು ಯಾರೂ ಅಲ್ಲಗಳೆಯಲಾಗದು, ಅಲ್ಲಗಳೆಯಬಾರದು ಸಹ. ಆದರೆ ಅದೇ ಅಕ್ಕಿಯು ನವಣೆಯ ಅನ್ನವನ್ನೂ ಕೊರಲೆಯ ಅನ್ನವನ್ನೂ ನಿತ್ಯದ ತಟ್ಟೆಯಿಂದ ಹೊರಗೆ ಕಳುಹಿಸಿತು.

ಇವೆಲ್ಲಕ್ಕಿಂತ ಬಲವಾದ, ಆದರೆ ವಿದ್ವಾಂಸರು ಅಷ್ಟಾಗಿ ಲಕ್ಷಿಸದ ಕಾರಣವೊಂದುಂಟು. ರಾಗಿಯ ಕಾಳಿಗೆ ಬಿಡಿಸಬೇಕಾದ ಗಟ್ಟಿ ಸಿಪ್ಪೆಯಿಲ್ಲ. ಒಕ್ಕಿ, ತೂರಿ, ಬೀಸಿದರೆ ಹಿಟ್ಟಾಯಿತು. ಕೊರಲೆ, ಸಾಮೆ, ನವಣೆ, ಹಾರಕಗಳು ಹಾಗಲ್ಲ. ಅವುಗಳ ಹೊಟ್ಟನ್ನು ಬಿಡಿಸಿ ಅಕ್ಕಿ ಮಾಡುವ ಕೆಲಸವನ್ನು ಒರಳಿನ ಮುಂದೆ ಒನಕೆ ಹಿಡಿದು ನಿಂತ ಹೆಂಗಸರು ಮಾಡಿದರು. ಹೊಲದ ಕಳೆ, ಮನೆಯ ನೀರು, ಮಕ್ಕಳ ಪಾಲನೆ ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಾಡಿದರು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ರಾಗಿಯು ಗಿರಣಿಯನ್ನು ಸೇರಿತು. ಒನಕೆಯನ್ನು ಕೆಳಗಿಟ್ಟ ಹೆಂಗಸರು ಕೊರಲೆಯನ್ನೂ ಕೆಳಗಿಟ್ಟರು. ಅವರು ಮಾಡಿದ್ದು ಸರಿಯೆಂದೇ ನಾನು ತಿಳಿಯುತ್ತೇನೆ. ಇಂದು ದೇಶೀ ಧಾನ್ಯಗಳ ಪುನರುದ್ಧಾರವನ್ನು ಕುರಿತು ಮಾತನಾಡುವವರು ಒನಕೆಯ ಯುಗವನ್ನು ಸುಂದರವಾಗಿ ವರ್ಣಿಸುವ ಮೊದಲು, ಸಿಪ್ಪೆ ಬಿಡಿಸುವ ಯಂತ್ರವು ಹೊಲದಿಂದ ಎಷ್ಟು ದೂರದಲ್ಲಿದೆಯೆಂಬುದನ್ನು ವಿಚಾರಿಸಬೇಕು.

ಯಂತ್ರವು ಬಹಳ ಕಾಲ ಬಹಳ ದೂರದಲ್ಲಿತ್ತು. ಕಿರುಧಾನ್ಯಗಳ ಸಿಪ್ಪೆ ಬಿಡಿಸುವ ಉದ್ಯಮವು ಮುಖ್ಯವಾಗಿ ನೆಲೆಗೊಂಡದ್ದು ಮಹಾರಾಷ್ಟ್ರದ ನಾಸಿಕದಲ್ಲಿ. ಕರ್ಣಾಟಕದ ಹೊಲಗಳಲ್ಲಿ ಬೆಳೆದ ಧಾನ್ಯವು ದಲ್ಲಾಳಿಗಳ ಕೈ ಬದಲಿಸುತ್ತ ಅಲ್ಲಿಯವರೆಗೆ ಹೋಗಿ, ಅಕ್ಕಿಯಾಗಿ, ಅಚ್ಚುಕಟ್ಟಾದ ಪೊಟ್ಟಣವಾಗಿ ಬೆಂಗಳೂರಿಗೆ ಮರಳುತ್ತಿತ್ತು. ನೂರು ಕಿಲೋ ಕಾಳಿನಿಂದ ಅರುವತ್ತು ಕಿಲೋ ಆಸುಪಾಸಿನ ಅಕ್ಕಿ ದೊರೆಯುತ್ತದೆ. ಉಳಿದುದು ತೌಡು, ನುಚ್ಚು, ಹೊಟ್ಟು. ಸಿಪ್ಪೆಯೊಳಗಿರುವ ತನಕ ವರ್ಷಗಟ್ಟಲೆ ಕೆಡದೆ ಇರುವ ಕಾಳು, ಸಿಪ್ಪೆ ಕಳಚಿದ ಕೆಲವು ತಿಂಗಳುಗಳಲ್ಲಿಯೇ, ಮೇಲ್ಪದರದಲ್ಲಿರುವ ಎಣ್ಣೆಯ ಅಂಶದಿಂದಾಗಿ ಕಮಟು ವಾಸನೆಯನ್ನು ತಾಳುತ್ತದೆ. ಆದುದರಿಂದ ಊರಿನಲ್ಲಿ ಕಾಳಾಗಿ ಕೂಡಿಟ್ಟು, ಬೇಡಿಕೆ ಬಂದಷ್ಟನ್ನೇ ಬಿಡಿಸಿ ಮಾರುವುದು ಶಾಸ್ತ್ರಕ್ಕೂ ಒಪ್ಪುವ ಮಾರ್ಗ, ಲಾಭಕ್ಕೂ ಒಪ್ಪುವ ಮಾರ್ಗ. ಈಗ ನಮ್ಮ ರಾಜ್ಯದಲ್ಲಿಯೂ ಅಲ್ಲಲ್ಲಿ ಚಿಕ್ಕ ಯಂತ್ರಗಳು ಬಂದಿವೆ. ನನ್ನ ಅಭಿಪ್ರಾಯದಲ್ಲಿ ಹೋಬಳಿಗೊಂದು ಸಿಪ್ಪೆ ಬಿಡಿಸುವ ಗಿರಣಿಯು, ಕಲ್ಲು ಆರಿಸುವ ಯಂತ್ರ ಸಮೇತವಾಗಿ, ಹೆಂಗಸರ ಸಂಘಗಳ ಒಡೆತನದಲ್ಲಿ ನಡೆಯುವುದಾದರೆ, ಅದರಿಂದಾಗುವ ಉಪಕಾರವು ನೂರು ಪ್ರದರ್ಶನಗಳಿಂದಾಗುವ ಉಪಕಾರಕ್ಕಿಂತ ಹೆಚ್ಚಿನದು. ಗಿರಣಿಯ ಕೂಲಿ, ತೌಡಿನ ಬೆಲೆ, ನುಚ್ಚಿನಿಂದ ಮಾಡಿದ ಹುರಿಹಿಟ್ಟಿನ ಲಾಭ ಇವೆಲ್ಲವೂ ಆಗ ಕೊಡಿಗೇನಹಳ್ಳಿಯಲ್ಲಿಯೋ ನಾಗಲಮಡಿಕೆಯಲ್ಲಿಯೋ ಉಳಿಯುತ್ತವೆ.

ಸಿರಿಧಾನ್ಯಗಳಿಗೆ ಒದಗಿ ಬಂದ ಕೀರ್ತಿಯ ಕಾಲವನ್ನು ನಾವೆಲ್ಲರೂ ಕಂಡಿದ್ದೇವೆ. 2017ರಲ್ಲಿ ರಾಜ್ಯ ಸರ್ಕಾರವು ಬೆಂಗಳೂರಿನಲ್ಲಿ ಸಾವಯವ ಮತ್ತು ಸಿರಿಧಾನ್ಯಗಳ ಮೇಳವನ್ನು ಆರಂಭಿಸಿತು. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಮಧುಮೇಹದ ಭಯದಿಂದ ನಗರಗಳ ಜನ ಕೊರಲೆಯ ಅಕ್ಕಿಯನ್ನು ಹುಡುಕಿಕೊಂಡು ಹೋದರು. ಅಂಗಡಿಯ ಬೆಲೆ ಕಿಲೋಗೆ ನೂರು ರೂಪಾಯಿಯನ್ನು ದಾಟಿತು. ಬೆಲೆಯ ಸುದ್ದಿ ಕೇಳಿ ಹೆಚ್ಚು ರೈತರು ಬಿತ್ತಿದ ವರ್ಷ ಕಣದ ಬೆಲೆ ಕುಸಿಯಿತು. ಅಂಗಡಿಯ ಬೆಲೆ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಈ ಅಂತರದ ಮೂಲವನ್ನು ಹುಡುಕುತ್ತ ಹೋದರೆ ದೊರೆಯುವ ಸಂಗತಿಯೊಂದಿದೆ. ಮಂಡಿಯ ರಾಶಿಗೆ ಬಿದ್ದ ಕ್ಷಣದಲ್ಲಿಯೇ ಧಾನ್ಯವು ತನ್ನ ಊರನ್ನೂ ತನ್ನ ತಳಿಯನ್ನೂ ಕಳೆದುಕೊಳ್ಳುತ್ತದೆ. ಮಳೆಯಾಶ್ರಯದಲ್ಲಿ, ಗೊಬ್ಬರದ ಚೀಲವನ್ನು ಕಾಣದ ಹೊಲದಲ್ಲಿ, ತಾತನ ಕಾಲದ ಬೀಜದಿಂದ ಬೆಳೆದ ನವಣೆಗೂ, ಬೇರೆಲ್ಲಿಂದಲೋ ತಂದು ನೀರು ಹಾಯಿಸಿ ಬೆಳೆದ ನವಣೆಗೂ ಅಲ್ಲಿ ಒಂದೇ ಬೆಲೆ. ಪೊಟ್ಟಣದ ಮೇಲೆ ಪರಂಪರೆಯ ವರ್ಣನೆಯೂ ಎತ್ತಿನ ಚಿತ್ರವೂ ಇರುತ್ತದೆ; ಬೆಳೆದ ಊರಿನ ಹೆಸರಿರುವುದಿಲ್ಲ. ತಳಿಯನ್ನು ಕಾಪಾಡಿದವನಿಗೆ, ಕಾಪಾಡಿದ್ದಕ್ಕಾಗಿ, ಒಂದು ಕಾಸಿನ ಅಧಿಕ ಲಾಭವೂ ಇಲ್ಲವೆಂದ ಮೇಲೆ ಅವನು ಅದನ್ನು ಕಾಪಾಡಲೆಂದು ನಿರೀಕ್ಷಿಸುವುದು ಅನ್ಯಾಯ.

ಬೆಲೆಯ ಪ್ರಶ್ನೆಯನ್ನು ಪಾವಗಡದ ರೈತನು ಈಗ ಹಿಂದೆಂದೂ ಇಲ್ಲದ ಒಂದು ಅಳತೆಗೋಲಿನಿಂದ ಅಳೆಯುತ್ತಿದ್ದಾನೆಂಬುದನ್ನು ಮರೆಯಬಾರದು. ತಿರುಮಣಿಯ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಭೂಮಿಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವು ನಿಂತಿದೆ. ಭೂಮಿಯನ್ನು ಗುತ್ತಿಗೆಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಆರಂಭಿಸಿ, ಎರಡು ವರ್ಷಗಳಿಗೊಮ್ಮೆ ಶೇಕಡಾ 5ರಷ್ಟು ಏರಿಸುವ ಒಪ್ಪಂದವಾಯಿತು. ಮಳೆ ಕೂಡಿ ಬಂದ ವರ್ಷ ಎಕರೆಗೆ ಐದು ಕ್ವಿಂಟಲು ಕೊರಲೆಯಾದರೂ, ಕ್ವಿಂಟಲಿಗೆ 4,200 ರೂಪಾಯಿ ದೊರೆತಾಗ ಮಾತ್ರ ಅದರ ಒಟ್ಟು ಹುಟ್ಟುವಳಿಯು ಆ ಮೊದಲ ವರ್ಷದ ಗುತ್ತಿಗೆಗೆ ಸಮನಾಗುತ್ತದೆ. ಉಳುಮೆಯ ಖರ್ಚು, ಕೊಯ್ಲಿನ ಕೂಲಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಮಳೆ ತಪ್ಪುವ ವರ್ಷಗಳೂ ಲೆಕ್ಕಕ್ಕೆ ಬಂದಿಲ್ಲ. ಬರದಿಂದ ಬೇಸತ್ತು ಭೂಮಿಯನ್ನು ಗುತ್ತಿಗೆಗಿತ್ತವರನ್ನು ದೂಷಿಸುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ಆ ಹಣವು ಭೂಮಿಯಿದ್ದವರಿಗೆ ಸಂದಿತು. ಅದೇ ಹೊಲಗಳಲ್ಲಿ ಕಳೆ ತೆಗೆದು, ಕೊಯ್ಲು ಮಾಡಿ, ಬದುಗಳಲ್ಲಿ ಕುರಿ ಮೇಯಿಸಿ ಬಾಳುತ್ತಿದ್ದ ಭೂಹೀನರಿಗೆ ಅದರಲ್ಲಿ ಪಾಲು ಬರಲಿಲ್ಲ. ಬೆಳೆಯಿಂದ ಬರುವ ಹಣಕ್ಕೂ ಗುತ್ತಿಗೆಯಿಂದ ಬರುವ ಹಣಕ್ಕೂ ಇರುವ ಈ ಸಾಮಾಜಿಕ ಭೇದವನ್ನು ಗಮನಿಸಿಯೇ ಬೆಳೆಯ ಪರವಾಗಿ ಇಷ್ಟು ಆಗ್ರಹದಿಂದ ಬರೆಯುತ್ತಿದ್ದೇನೆ.

ತಳಿಯ ಹೆಸರು ಉಳಿದರೆ ಹಣ ಯಾರಿಗೆ ಸಲ್ಲುವುದೆಂಬುದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಎಸ್. ಎಸ್. ಪರಮೇಶ ಎಂಬ ಕೃಷಿಕರ ತೋಟದಲ್ಲಿ, ಅವರ ತಂದೆ ಎಸ್. ಕೆ. ಸಿದ್ದಪ್ಪನವರು ನೆಟ್ಟ ಒಂದು ಹಲಸಿನ ಮರವಿತ್ತು. ತಾಮ್ರವರ್ಣದ ತೊಳೆಗಳೂ, ಸರಾಸರಿ ಎರಡೂವರೆ ಕಿಲೋವಿನಷ್ಟೇ ತೂಗುವ ಹಣ್ಣುಗಳೂ ಅದರ ವೈಶಿಷ್ಟ್ಯ. ಅದನ್ನು ಗುರುತಿಸಿದ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಆ ಮರವನ್ನು ತಮ್ಮದಾಗಿಸಿಕೊಳ್ಳುವ ಬದಲು, ತಂದೆಯ ಹೆಸರನ್ನೇ ತಳಿಗಿಟ್ಟು, 2017ರಲ್ಲಿ ಮಗನೊಡನೆ ಒಪ್ಪಂದ ಮಾಡಿಕೊಂಡರು. ಸಸಿಗಳ ಮಾರಾಟದಿಂದ ಬಂದ ಹಣದಲ್ಲಿ ಮುಕ್ಕಾಲು ಪಾಲು ಕೃಷಿಕರಿಗೆ, ಉಳಿದ ಕಾಲು ಪಾಲು ಸಂಸ್ಥೆಗೆ ಎಂಬುದು ಆ ಒಪ್ಪಂದದ ಸಾರ. ‘ಸಿದ್ದು’ ಹಲಸು ಈಗ ದಕ್ಷಿಣ ಭಾರತದ ತೋಟಗಳಲ್ಲೆಲ್ಲ ಬೆಳೆಯುತ್ತಿದೆ. ಇದೇ ಜಿಲ್ಲೆಯ ‘ಲಕ್ಷ್ಮಣ’ ಹುಣಸೆಯೂ ರೈತನೊಬ್ಬನ ಹೆಸರನ್ನು ಹೊತ್ತು ಅದೇ ಕೇಂದ್ರದ ನೆರವಿನಿಂದ ಪ್ರಸಿದ್ಧಿಗೆ ಬಂದುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು ರೈತರ ತಳಿಗಳ ನೋಂದಣಿಗೂ, ಅವುಗಳಿಂದ ಬಂದ ಲಾಭದಲ್ಲಿ ಪಾಲಿಗೂ ಅವಕಾಶ ಕೊಟ್ಟಿದೆ. ಮರದ ವಿಷಯದಲ್ಲಿ ಸಾಧ್ಯವಾದುದು ಕಾಳಿನ ವಿಷಯದಲ್ಲಿ ಕಷ್ಟವೆಂಬುದು ನಿಜ. ಮರಕ್ಕೆ ಒಬ್ಬ ಒಡೆಯನುಂಟು, ನವಣೆಗೂ ಕೊರಲೆಗೂ ಊರೇ ಒಡೆಯ. ಆದುದರಿಂದ ಅಲ್ಲಿ ನೋಂದಣಿಯೂ ಲಾಭದ ಪಾಲೂ ಊರಿನ ಹೆಸರಿನಲ್ಲಿ, ಬೆಳೆಗಾರರ ಸಂಘದ ಹೆಸರಿನಲ್ಲಿ ನಡೆಯಬೇಕು.

ಹೆಸರೊಂದೇ ಸಾಲದೆಂಬ ಎಚ್ಚರವೂ ಅಗತ್ಯ. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ ಮೇಲೂ ಸೊರಗು ರೋಗದ ಹಾವಳಿಯಿಂದ ಅದರ ತೋಟಗಳು ಕ್ಷೀಣಿಸುತ್ತಲೇ ಹೋದವು. ಮಾನ್ಯತೆಯ ಪತ್ರವು ಗಿಡದ ಬೇರನ್ನು ರಕ್ಷಿಸಲಿಲ್ಲ. ತೋಟಗಾರಿಕೆಯ ಗ್ರಂಥಗಳಲ್ಲಿ ಕರ್ಣಾಟಕದ ದಾಳಿಂಬೆಯ ತಳಿಗಳನ್ನು ಹೇಳುವಾಗ ಮಧುಗಿರಿಯ ಹೆಸರಿನದೇ ಒಂದು ತಳಿಯ ಉಲ್ಲೇಖವಿದೆ. ಇಂದು ಅದೇ ಮಧುಗಿರಿ, ಶಿರಾ, ಪಾವಗಡಗಳ ದಾಳಿಂಬೆಯ ತೋಟಗಳನ್ನು ಹೊಕ್ಕರೆ ಕಾಣುವುದು ಮಹಾರಾಷ್ಟ್ರದಿಂದ ಬಂದ ಭಗವಾ. ಜೊತೆಗೆ ದುಂಡಾಣು ಅಂಗಮಾರಿಯೂ, ಅದಕ್ಕಾಗಿ ಸಿಂಪಡಿಸುವ ಔಷಧಿಗಳ ಸಾಲವೂ. ಹಳೆಯ ತಳಿಯು ಪೇಟೆಯ ಕಣ್ಣಿಗೆ ಅಷ್ಟು ಕೆಂಪಾಗಿ ಕಾಣದಿದ್ದರೂ, ಊರ ಹೆಸರನ್ನು ಹೊತ್ತ ಅದರ ಉಳಿದ ಗಿಡಗಳನ್ನು ಹಿತ್ತಲುಗಳಿಂದ ಹುಡುಕಿ ತೆಗೆಯುವ ಕೆಲಸವನ್ನು ತೋಟಗಾರಿಕೆ ಇಲಾಖೆಯು ಇಂದೇ ಕೈಗೊಂಡರೂ ಬೇಗವೆನಿಸದು.

ಸುಧಾರಿತ ತಳಿಗಳ ಮೇಲೆ ನನಗೆ ದ್ವೇಷವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮಂಡ್ಯದ ವಿ. ಸಿ. ಫಾರಂನಲ್ಲಿ ಕುಳಿತು, ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ನಾಡು ರಾಗಿಬ್ರಹ್ಮನೆಂದು ಕರೆದುದು ಯೋಗ್ಯವಾಗಿಯೇ ಇದೆ. ಬೆಂಕಿರೋಗವನ್ನು ತಡೆಯುವ ಜಿಪಿಯು-28 ಲಕ್ಷಾಂತರ ಮನೆಗಳ ಮುದ್ದೆಯನ್ನು ಉಳಿಸಿದೆ. ಆದರೆ ಆ ಮಹನೀಯರ ಕೈಗೆ ಮೂಲದ್ರವ್ಯವನ್ನು ಒದಗಿಸಿದುದು ಹಳ್ಳಿಗಳ ಹೊಲಗಳೇ. ನಾಳೆ ಹೊಸ ರೋಗವೊಂದು ಬಂದಾಗ, ವಿಜ್ಞಾನಿಯು ಮತ್ತೆ ಹುಡುಕಿಕೊಂಡು ಬರುವ ತಳಿಯು ಶೀತಲಗೃಹದ ಡಬ್ಬಿಯಲ್ಲಿದ್ದರಷ್ಟೇ ಸಾಲದು. ಬದಲಾಗುತ್ತಿರುವ ಮಳೆಯನ್ನು ವರ್ಷ ವರ್ಷವೂ ಎದುರಿಸುತ್ತ ಹೊಲದಲ್ಲಿಯೇ ಬದುಕಿರಬೇಕು. ಈ ಸಾರ್ವಜನಿಕ ಸೇವೆಯನ್ನು ಎರಡು ಮೂರು ಎಕರೆಯ ಬಡ ಒಕ್ಕಲಿಗನು ತನ್ನ ಖರ್ಚಿನಲ್ಲಿ ಮಾಡುತ್ತಿದ್ದಾನೆ. ಸಾರ್ವಜನಿಕರು ಅದಕ್ಕೆ ಬೆಲೆ ತೆರುವುದು ದಾನವಾಗದು. ಬಹುಕಾಲ ತೀರಿಸದೆ ಉಳಿದ ಋಣದ ಮರುಪಾವತಿಯಾದೀತು.

ಆ ಬೆಲೆಯನ್ನು ಮೊದಲು ತೆರಬೇಕಾದವರು ಯಾರು? ಬೆಂಗಳೂರಿನ ಸಿರಿವಂತ ಗ್ರಾಹಕರೆಂದು ಅನೇಕರು ತಿಳಿದಿದ್ದಾರೆ. ನಗರದ ರುಚಿಯು ಚಂಚಲ. ಈ ವರ್ಷ ಕೊರಲೆ, ಮುಂದಿನ ವರ್ಷ ಮತ್ತೊಂದು. ಅದನ್ನೇ ನಂಬಿ ಬಿತ್ತಿದ ರೈತನು ಎರಡನೆಯ ಸಲ ಮೋಸಹೋಗುತ್ತಾನೆ. ಅಷ್ಟೇ ಅಲ್ಲದೆ, ನಗರದ ಬೆಲೆ ಏರಿದಂತೆಲ್ಲ ಬೆಳೆದವನ ಮಕ್ಕಳ ತಟ್ಟೆಯಿಂದ ಆ ಧಾನ್ಯವು ದೂರವಾಗುವ ಅಪಾಯವೂ ಇದೆ. ಮೊದಲ ಗ್ರಾಹಕನು ತಾಲ್ಲೂಕಿನೊಳಗೇ ಇರಬೇಕು: ಅಂಗನವಾಡಿ, ಶಾಲೆಯ ಬಿಸಿಯೂಟ, ಸರ್ಕಾರಿ ವಿದ್ಯಾರ್ಥಿನಿಲಯ, ಮಠಗಳ ದಾಸೋಹ. ಒಡಿಶಾ ರಾಜ್ಯವು 2017ರಲ್ಲಿ ತನ್ನ ಸಿರಿಧಾನ್ಯ ಯೋಜನೆಯನ್ನು ಆರಂಭಿಸಿದಾಗ ಈ ಕ್ರಮವನ್ನೇ ಹಿಡಿಯಿತು. ರಾಗಿಯನ್ನು ಊರಿನ ಮನೆಗಳಿಗೂ ಅಂಗನವಾಡಿಯ ಮಕ್ಕಳ ಲಾಡುವಿಗೂ ಮೊದಲು ತಲಪಿಸಿ, ಆಮೇಲೆ ಪೇಟೆಯನ್ನು ನೋಡಿತು. ಅಷ್ಟಕ್ಕೇ ನಿಲ್ಲದೆ, ಆದಿವಾಸಿಗಳು ಕಾಪಾಡಿಕೊಂಡು ಬಂದ ರಾಗಿಯ ನಾಲ್ಕು ನಾಟಿ ತಳಿಗಳನ್ನು ಅವುಗಳ ಸ್ವಂತ ಹೆಸರಿನಲ್ಲಿಯೇ ಅಧಿಕೃತ ಬಿತ್ತನೆ ಬೀಜದ ಪಟ್ಟಿಗೆ ಸೇರಿಸಿಕೊಂಡಿತು. ರಾಗಿಯ ನಾಡೆಂದು ಹೆಮ್ಮೆಪಡುವ ನಾವು ಇದನ್ನು ಅವರಿಂದ ಕಲಿಯಲು ಸಂಕೋಚಪಡಬೇಕಾದುದಿಲ್ಲ.

ನಮ್ಮಲ್ಲಿ ಸರ್ಕಾರದ ನೆರವು ಇಲ್ಲವೆಂದು ಹೇಳಲಾಗದು. ರೈತಸಿರಿ ಯೋಜನೆಯಲ್ಲಿ ಕಿರುಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿಗಳ ಪ್ರೋತ್ಸಾಹಧನವನ್ನು ಗೊತ್ತುಪಡಿಸಲಾಯಿತು. ಆದರೆ ಅದು ಬಿತ್ತಿದ ವಿಸ್ತೀರ್ಣಕ್ಕೆ ಸಲ್ಲುವ ಹಣ. ಬೆಳೆದುದನ್ನು ಯಾರು ಕೊಳ್ಳುವರೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕೇಂದ್ರವು ಬೆಂಬಲ ಬೆಲೆ ಸಾರುವ ಬೆಳೆಗಳಲ್ಲಿ ರಾಗಿ, ಜೋಳ, ಸಜ್ಜೆಗಳಿವೆ. 2025-26ನೆಯ ಸಾಲಿಗೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಗೊತ್ತಾಗಿದೆ. ಕೊರಲೆ, ನವಣೆ, ಸಾಮೆ, ಹಾರಕಗಳು ಆ ಪಟ್ಟಿಯಲ್ಲಿಲ್ಲ. ಛತ್ತೀಸಗಢವು ತನ್ನ ಆದಿವಾಸಿ ರೈತರ ಹಾರಕಕ್ಕೂ ಸಾಮೆಗೂ ರಾಜ್ಯದ ಮಟ್ಟದಲ್ಲಿಯೇ ಬೆಲೆ ಗೊತ್ತುಮಾಡಿ ಕೊಂಡುಕೊಂಡ ನಿದರ್ಶನವು ನಮ್ಮೆದುರಿಗಿದೆ. ರಾಗಿಯನ್ನು ಕೊಳ್ಳುವ ಕೇಂದ್ರಗಳಲ್ಲಿಯೇ, ಅದೇ ತಕ್ಕಡಿಯಲ್ಲಿಯೇ, ಕೊರಲೆಯನ್ನೂ ತೂಗಿ ಕೊಳ್ಳುವುದಕ್ಕೆ ಹೊಸ ಕಟ್ಟಡವೇನೂ ಬೇಕಾಗಿಲ್ಲ. ಬೇಕಾದುದು ಒಂದು ಆಜ್ಞೆ.

ಸರ್ಕಾರಕ್ಕೆ ಕಾಯದೆ ಜನರೇ ಕಟ್ಟಿಕೊಂಡ ವ್ಯವಸ್ಥೆಯೂ ಕಣ್ಣೆದುರಿಗೇ ಇದೆ. ಪಾವಗಡದ ಪೂರ್ವಕ್ಕೆ ಗಡಿ ದಾಟಿ ಪೆನುಕೊಂಡೆಯ ಕಡೆ ಸಾಗಿದರೆ ಸಿಗುವ ಚೆನ್ನೇಕೊತ್ತಪಲ್ಲಿಯ ಸೀಮೆಯಲ್ಲಿ, 1990ರಿಂದ ಕೆಲಸ ಮಾಡುತ್ತಿರುವ ಟಿಂಬಕ್ಟು ಕಲೆಕ್ಟಿವ್ ಸಂಸ್ಥೆಯ ಪ್ರೇರಣೆಯಿಂದ 2008ರಲ್ಲಿ ‘ಧರಣಿ’ ಎಂಬ ಸಹಕಾರ ಸಂಘ ಹುಟ್ಟಿತು. ನಮ್ಮಂತಹುದೇ ಒಣ ನೆಲ, ನಮ್ಮಂತಹವೇ ಚಿಕ್ಕ ಹಿಡುವಳಿಗಳು. ಸದಸ್ಯರು ಬೆಳೆದ ಕಿರುಧಾನ್ಯ, ಕಡಲೆಕಾಯಿ, ಕಾಳುಗಳನ್ನು ಸಂಘವೇ ಕೊಂಡು, ತನ್ನ ಕೇಂದ್ರದಲ್ಲಿಯೇ ಸಂಸ್ಕರಿಸಿ, ತನ್ನ ಹೆಸರಿನಲ್ಲಿಯೇ ಮಾರುತ್ತದೆ. ಗಿರಣಿಯ ಒಡೆಯರೂ ಬೆಳೆಗಾರರೇ ಆಗಿರುವುದರಿಂದ ಲಾಭವೂ ಸದಸ್ಯರದೇ. ಅದೇ ಮಣ್ಣು, ಅದೇ ಮಳೆ, ಅದೇ ಕೊರಲೆ. ನಡುವೆ ಇರುವುದು ಎರಡು ರಾಜ್ಯಗಳನ್ನು ಬೇರ್ಪಡಿಸುವ ಒಂದು ರೇಖೆ. ಬೆಂಗಳೂರಿನಲ್ಲಿ ನೆಲೆಯೂರಿರುವ ಸಹಜ ಸಮೃದ್ಧ ಬಳಗವು ನಾಡಿನಾದ್ಯಂತ ನಾಟಿ ಬೀಜಗಳನ್ನು ಹುಡುಕಿ, ರೈತರ ಕಂಪನಿಯೊಂದರ ಮೂಲಕ ಅವುಗಳಿಗೆ ಮಾರುಕಟ್ಟೆಯನ್ನು ಒದಗಿಸಿದುದೂ ಇದೇ ದಾರಿಯ ಕೆಲಸ. 2020ರಿಂದೀಚೆಗೆ ಕೇಂದ್ರದ ಯೋಜನೆಯಡಿ ರೈತ ಉತ್ಪಾದಕ ಕಂಪನಿಗಳು ತಾಲ್ಲೂಕುಗಳಲ್ಲಿ ಹುಟ್ಟಿಕೊಂಡಿವೆ. ಅವುಗಳಲ್ಲಿ ಅನೇಕವು ಗೊಬ್ಬರ, ಔಷಧಿಗಳ ಮಾರಾಟದಲ್ಲಿಯೇ ದಿನ ಕಳೆಯುತ್ತಿರುವುದನ್ನು ಕಂಡಾಗ, ಈ ಶಕ್ತಿಯನ್ನು ಬೆಳೆದುದರ ಮಾರಾಟದ ಕಡೆ ತಿರುಗಿಸಬಾರದೇ ಎಂದು ಮನಸ್ಸು ಮಿಡಿಯುತ್ತದೆ.

ಅಕ್ಕಡಿ ಹೊಲದ ಅರ್ಧ ಚೀಲ, ಮುಕ್ಕಾಲು ಚೀಲಗಳ ಪ್ರಶ್ನೆಗೂ ಉತ್ತರವಿರುವುದು ಇಂತಹ ಸಂಘಗಳಲ್ಲಿಯೇ. ಹತ್ತು ಊರುಗಳ ಅರ್ಧ ಚೀಲಗಳನ್ನು ತಳಿವಾರು ಬೇರೆ ಬೇರೆಯಾಗಿ ತೂಗಿ, ಬೇರೆಯಾಗಿ ಕೂಡಿಟ್ಟು, ಚೀಲದ ಮೇಲೆ ಊರನ್ನೂ ತಳಿಯನ್ನೂ ಬರೆಯುವ ಶ್ರಮವನ್ನು ಮಂಡಿಯ ವರ್ತಕನು ಮಾಡಲಾರ. ಆ ಬೀಜವನ್ನು ಮುಂದಿನ ವರ್ಷ ತಾವೇ ಬಿತ್ತಬೇಕಾದವರು ಮಾತ್ರ ಮಾಡಬಲ್ಲರು. ಪೊಟ್ಟಣದ ಮೇಲೆ ಅಂಗಡಿಯ ಬೆಲೆಯ ಪಕ್ಕದಲ್ಲಿ ಬೆಳೆದವರಿಗೆ ಸಂದ ಬೆಲೆಯನ್ನೂ ಅಚ್ಚುಹಾಕುವ ನಿಯಮವನ್ನು ಇಂತಹ ಸಂಘಗಳು ತಾವಾಗಿಯೇ ಹಾಕಿಕೊಂಡರೆ, ಕೊಳ್ಳುವವರಿಗೆ ತಾವು ಯಾವುದಕ್ಕೆ ಹಣ ತೆರುತ್ತಿದ್ದೇವೆಂಬುದು ತಿಳಿಯುತ್ತದೆ.

ಮುಂದಿನ ಮುಂಗಾರಿಗೆ ಮೊದಲು ಆಗಬಹುದಾದ ಕೆಲಸವೊಂದಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ವಿದ್ಯಾರ್ಥಿನಿಲಯಗಳಲ್ಲಿ ವಾರಕ್ಕೆ ಎರಡು ಹೊತ್ತು ಕೊರಲೆಯ ಅಥವಾ ನವಣೆಯ ಅನ್ನವನ್ನು ಬಡಿಸುವುದೆಂದು ಜಿಲ್ಲಾ ಪಂಚಾಯಿತಿಯು ನಿರ್ಣಯಿಸಿ, ವರ್ಷಕ್ಕೆ ಎಷ್ಟು ಕ್ವಿಂಟಲು ಬೇಕೆಂಬುದನ್ನು ಲೆಕ್ಕಹಾಕಿ, ಅಷ್ಟನ್ನು ಆಯಾ ತಾಲ್ಲೂಕಿನ ಬೆಳೆಗಾರರ ಸಂಘಗಳಿಂದಲೇ, ರಾಗಿಯ ಬೆಂಬಲ ಬೆಲೆಗಿಂತ ಕಡಿಮೆಯಿಲ್ಲದ ದರದಲ್ಲಿ ಕೊಳ್ಳುವುದಾಗಿ ಬಿತ್ತನೆಗೆ ಮುಂಚೆಯೇ ಬರೆದುಕೊಡಲಿ. ಆ ಕಾಗದವನ್ನು ಕೈಯಲ್ಲಿ ಹಿಡಿದ ಸಂಘಕ್ಕೆ ಗಿರಣಿಯ ಯಂತ್ರಕ್ಕಾಗಿ ಸಾಲ ಕೇಳುವ ಧೈರ್ಯ ಬರುತ್ತದೆ; ಮಖೆಯ ಮಳೆ ಬಿದ್ದ ದಿನ ಬೀಜವನ್ನು ಎಲ್ಲಿಂದ ತರುವುದೆಂದು ರೈತನು ಪೇಟೆಯ ಕಡೆ ನೋಡದೆ, ನೆರೆಮನೆಯಿಂದ ಅಳೆದು ತಂದು ಬಿತ್ತಲು ತೊಡಗುತ್ತಾನೆ.